ಹದಿನಾಲ್ಕು ತಿರುವು, ಒಂದು ಗುಲಾಬಿ ಬಾಟಲಿ

ನನ್ನ ಹತ್ತಿರ ಒಂದು ಹಳೇ ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಕೆಂಪು ಬಣ್ಣ, ಮೇಲೆ ಬಟ್ಟೆಯ ಮಾಡು. ತೀರ್ಥಹಳ್ಳಿಯಂಥ ಊರಲ್ಲಿ ಮಳೆಗಾಲವಿಡೀ ಅದನ್ನು ಹೊರಗೆ ತೆಗೆಯೋ ಹಾಗಿಲ್ಲ. ಮಳೆ ನಿಂತ ಮೇಲೆ ಅದಕ್ಕೆ ಜ್ವರ. ಶಿವಮೊಗ್ಗ ತಲುಪುವಷ್ಟರಲ್ಲಿ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿರುತ್ತಿತ್ತು.

ಕೂಲೆಂಟಿಗೆ, ಅಂದರೆ ಇಂಜಿನ್ ತಣಿಸುವ ನೀರಿಗೆ, ಬೆರೆಸುವ ಗುಲಾಬಿ ಬಣ್ಣದ ದ್ರಾವಣವೊಂದನ್ನು ತರಿಸಿದೆ. ಅದರ ಹಿಂದಿನ ಲೆಕ್ಕಾಚಾರವೇನೋ ಸರಿಯೇ. ಕೆಸುವಿನ ಎಲೆ ಮೇಲೆ ನೀರು ಅಂಟದೆ ಉರುಳುತ್ತದಲ್ಲ, ಅದಕ್ಕೆ ಸೋಪು ಸೇರಿಸಿದರೆ ಎಲೆಗೆ ಮೆತ್ತಿಕೊಳ್ಳುತ್ತದೆ. ಇದೂ ಹಾಗೇ. ಇಂಜಿನ್ ಒಳಗೆ ಕಾದ ಲೋಹಕ್ಕೆ ಸಣ್ಣ ಸಣ್ಣ ಆವಿಗುಳ್ಳೆಗಳು ಕಚ್ಚಿಕೊಂಡಿರುತ್ತವೆ. ಗುಳ್ಳೆ ಇದ್ದಲ್ಲಿ ನೀರು ತಾಗುವುದಿಲ್ಲ, ಬಿಸಿ ಇಳಿಯುವುದಿಲ್ಲ. ಈ ದ್ರಾವಣ ಗುಳ್ಳೆಗಳನ್ನು ಬಿಡಿಸುತ್ತದೆ. ಕೆಲವೇ ಡಿಗ್ರಿಗಳ ಉಪಕಾರ, ಅಷ್ಟೇ. ನಾನು ಅಳತೆ ನೋಡದೆ ಪೂರ್ತಿ ಬಾಟಲಿ ಸುರಿದೆ. ಅಮ್ಮ ಕಷಾಯ ಕುಡಿಸುವಾಗ ಯಾವತ್ತಾದರೂ ಅಳೆದಿದ್ದಾಳಾ?

ಏಪ್ರಿಲ್ ತಿಂಗಳು, ಹೆಬ್ರಿಯಲ್ಲಿ ಮದುವೆ. ಪಕ್ಕದ ಸೀಟಲ್ಲಿ ಹೆಂಡತಿಯ ಅಣ್ಣ. ಆಗುಂಬೆ ಘಾಟಿ ಇಳಿಯುವಾಗ ಮುಳ್ಳು ಅಲ್ಲಾಡಲಿಲ್ಲ. “ನೋಡಿದ್ರಾ ಭಾವ, ಬಾಟಲಿ ಮಹಿಮೆ!” ಎಂದೆ. ಇಳಿಜಾರಲ್ಲಿ ಇಂಜಿನ್‌ಗೆ ಕೆಲಸವೇ ಇರುವುದಿಲ್ಲ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಊಟ ಮುಗಿಸಿ, ಸೋಮೇಶ್ವರ ದಾಟಿ ಮತ್ತೆ ಘಾಟಿ ಹತ್ತಿದೆವು. 14 ಹೇರ್‌ಪಿನ್ ತಿರುವುಗಳು. ಐದನೆಯದರಲ್ಲಿ ಮುಳ್ಳು ಏಳತೊಡಗಿತು. ಇಂಥ ಹೊತ್ತಲ್ಲಿ ಹೀಟರ್ ಪೂರ್ತಿ ಹಾಕಬೇಕು. ಅದೂ, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಒಂದು ಪುಟ್ಟ ರೇಡಿಯೇಟರೇ ಅಲ್ವಾ? ಇಂಜಿನ್ನಿನ ಬಿಸಿಯನ್ನು ಎಳೆದು ಕಾರಿನೊಳಕ್ಕೆ ಬಿಡುತ್ತದೆ. ಅಂದರೆ, ಭಾವನ ಕಾಲಿಗೆ.

“ಬಚ್ಚಲ ಒಲೆ ಮುಂದೆ ಕೂರಿಸಿದ್ಯಲ್ಲ ಮಾರಾಯ!”

ಒಂಬತ್ತನೇ ತಿರುವಿನಲ್ಲಿ ಬಾನೆಟ್‌ನಿಂದ ಹೊಗೆಯಂತೆ ಆವಿ. ಕಾರನ್ನು ಪಕ್ಕಕ್ಕೆ ಹಾಕಿದೆ. ತಡೆಗೋಡೆ ಮೇಲೆ ಕೂತಿದ್ದ ಮಂಗಗಳು ಎದ್ದು ಬಂದು ಹತ್ತಿರದಿಂದ ನೋಡಿದವು. ಭಾವ ಶಲ್ಯ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ಕಿರುಚಿ ತಡೆದೆ. ಮುಚ್ಚಳ ಒತ್ತಡ ಹಿಡಿದಿರುವುದರಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ತೆಗೆದರೆ ಉಕ್ಕಿ ನೇರ ಮುಖಕ್ಕೆ. ಅಷ್ಟರಲ್ಲಿ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಿಂದ ಬಗ್ಗಿ, “ಕಾಫಿಗೆ ನೀರಿಟ್ರಾ ಸಾರ್?” ಅಂತ ಕೇಳಿ ಹೋದ.

ಮಾರನೇ ದಿನ ಗ್ಯಾರೇಜ್‌ನವನು ರೇಡಿಯೇಟರ್ ಬಿಚ್ಚಿ, ಹಿಂದಿನಿಂದ ಪೈಪ್ ನೀರು ಬಿಟ್ಟ. ತೆಳ್ಳನೆಯ ಜಾಲರಿ ಸಂದಿಗಳಿಂದ ಕಂದು ನಾರು ಬಂತು. ಇನ್ನೂ ಬಂತು. ಒಂದು ಮೊರದಷ್ಟು ಅಡಿಕೆ ಸಿಪ್ಪೆಯ ನಾರು! ಕಾರು ನಿಲ್ಲುವುದು ಅಡಿಕೆ ಸುಲಿಯುವ ಮಿಷನ್ ಪಕ್ಕದಲ್ಲಿ. ಬ್ಯಾಟರಿ ಸಾಯಬಾರದು ಅಂತ ಸುಗ್ಗಿಯುದ್ದಕ್ಕೂ ದಿನಾ ಅಲ್ಲೇ ಸ್ಟಾರ್ಟ್ ಮಾಡಿ ಬಿಡುತ್ತಿದ್ದೆ. ಫ್ಯಾನ್ ಧೂಳನ್ನೆಲ್ಲ ಎಳೆದುಕೊಂಡು ಹಾಸಿಗೆ ಮಾಡಿಟ್ಟಿತ್ತು.

“ಗಾಳಿನೇ ಆಡ್ದಿದ್ರೆ ನೀರಿಗೆ ಏನ್ ಹಾಕಿ ಏನ್ ಬಂತು ಸಾರ್?” ಅಂದ. ಸಿಪ್ಪೆಯನ್ನು ಗೊಬ್ಬರಕ್ಕೆ ಕಟ್ಟಿಯೂ ಕೊಟ್ಟ.

ಈಗ ಮುಳ್ಳು ಮಧ್ಯದಿಂದ ಕೂದಲೆಳೆ ಕೆಳಗೇ ನಿಲ್ಲುತ್ತದೆ. ಆ ಕೂದಲೆಳೆ ಬಾಟಲಿಯದ್ದೇ ಅಂತ ನನ್ನ ವಾದ. ಭಾವ ಒಪ್ಪುವುದಿಲ್ಲ. ಅವರ ಕಾಲ ಬುಡದಲ್ಲಿದ್ದ ತಾಂಬೂಲದ ಚೀಲದ ಲಾಡುಗಳು ಹೀಟರ್ ಗಾಳಿಗೆ ಕರಗಿ, ತುಪ್ಪವೆಲ್ಲ ಮ್ಯಾಟಿಗೆ ಇಳಿದಿತ್ತು. ಇರುವೆಗಳು ಇನ್ನೂ ಬರುತ್ತಿವೆ. ಅದಕ್ಕೇನಾದರೂ ಬಾಟಲಿ ಸಿಗುತ್ತದಾ ಅಂತ ನೋಡುತ್ತಿದ್ದೇನೆ.