ಸತ್ಯಾಂಶ: ಎಲ್ ಗ್ರೆಕೊ ಬಿಡಿಸಿದ ಉದ್ದ ಮುಖಗಳಿಗೆ ಕಣ್ಣಿನ ದೋಷ ಕಾರಣವಲ್ಲ

ಸ್ಪೇನಿನ ಟೊಲೆಡೊದಲ್ಲಿ ನೆಲೆಸಿ 1614ರಲ್ಲಿ ತೀರಿಕೊಂಡ ಚಿತ್ರಕಾರ ಎಲ್ ಗ್ರೆಕೊ ಬಗ್ಗೆ ಒಂದು ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಅವನಿಗೆ ಅಸ್ಟಿಗ್ಮ್ಯಾಟಿಸಂ (ಕಣ್ಣು ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ ಫೋಕಸ್ ಮಾಡದ ದೋಷ) ಇತ್ತು, ಕಂಡಂತೆಯೇ ಬಿಡಿಸಿದ, ಅದಕ್ಕೇ ಮುಖಗಳೆಲ್ಲ ಉದ್ದ ಅಂತ. ಕೇಳಿದರೆ ನಿಜ ಅನಿಸುತ್ತದೆ. ಆದರೆ ಆ ಕಾರಣ ನಿಲ್ಲುವುದಿಲ್ಲ.

ಯಾಕೆಂದರೆ ಅದೇ ಕಣ್ಣು ಕ್ಯಾನ್ವಾಸನ್ನೂ ನೋಡುತ್ತದೆ, ಅಲ್ವಾ? ಎದುರಿನ ಮುಖ ಉದ್ದ ಕಂಡರೆ, ಸರಿಯಾಗಿ ಬಿಡಿಸಿದ ಮುಖವೂ ಅಷ್ಟೇ ಉದ್ದ ಕಾಣುತ್ತದೆ, ಹಾಗಾಗಿ ಎರಡೂ ವಜಾ ಆಗಿ ನಮಗೆ ಸಿಗುವುದು ಮಾಮೂಲಿ ಅಳತೆಯ ಮುಖವೇ. ಮನೆಯಲ್ಲಿ ಯಾರದಾದರೂ ಜಾಸ್ತಿ ಸಿಲಿಂಡರ್ ಪವರ್ (ಈ ದೋಷಕ್ಕೇ ಕೊಡುವ ಪವರ್) ಇರುವ ಕನ್ನಡಕ ಇದ್ದರೆ, ಅದನ್ನು ಕಣ್ಣಿನಿಂದ ಸ್ವಲ್ಪ ದೂರ ಹಿಡಿದು ಒಂದು ಬಳೆ ನೋಡಿ. ಮೊಟ್ಟೆಯಾಕಾರ ಕಾಣುತ್ತದೆ. ಅದರಲ್ಲೇ ನೋಡುತ್ತಾ ಪಕ್ಕದ ಹಾಳೆಯಲ್ಲಿ ಬಳೆಗೆ ಹೊಂದುವಂತೆ ಬಿಡಿಸಿ, ಆಮೇಲೆ ಕನ್ನಡಕ ತೆಗೆಯಿರಿ. ಹಾಳೆಯಲ್ಲಿರುವುದು ಹೆಚ್ಚುಕಡಿಮೆ ದುಂಡಗೇ ಇರುತ್ತದೆ.

ಇನ್ನೂ ಸುಲಭದ ದಾರಿ, ಚಿತ್ರವನ್ನೇ ದೊಡ್ಡದು ಮಾಡಿ ನೋಡುವುದು. 1586-88ರ 'ಕೌಂಟ್ ಆಫ್ ಒರ್ಗಾಥ್ ಅಂತ್ಯಕ್ರಿಯೆ'ಯಲ್ಲಿ ಕೆಳಗಡೆ ಬಿಳಿ ನೆರಿಗೆ ಕಾಲರ್ ಹಾಕಿ ನಿಂತ ಗಂಡಸರ ಮುಖಗಳು ದಾರಿಯಲ್ಲಿ ಸಿಗುವ ಜನರ ಹಾಗೇ ಇವೆ, ಮೇಲಿನ ಸ್ವರ್ಗದಲ್ಲಿರುವವರು ಮಾತ್ರ ಎಳೆದಂತೆ ಉದ್ದವಾಗಿದ್ದಾರೆ. ಒಂದೇ ಕೈ, ಒಂದೇ ಕ್ಯಾನ್ವಾಸ್. ಕಣ್ಣಿನ ದೋಷ ಹಾಗೆ ಆರಿಸಿಕೊಂಡು ಕೆಲಸ ಮಾಡಲ್ಲ.

ಗ್ರೀಕ್ ದ್ವೀಪ ಕ್ರೀಟ್‌ನಲ್ಲಿ ಐಕಾನ್ (ಕ್ರೈಸ್ತ ಸಂತರ, ದೇವರ) ಚಿತ್ರಕಲೆ ಕಲಿತು ಇಟಲಿಗೆ ಹೋದವನು ಅವನು. ಅಲ್ಲಿ ಪಾರ್ಮಿಜಾನಿನೊನಂಥ ಚಿತ್ರಕಾರರು ಆಗಲೇ ಬೇಕಂತಲೇ ಕತ್ತು, ಬೆರಳು ಉದ್ದ ಮಾಡಿ ಬಿಡಿಸಿದ್ದರು. ಆ ಉದ್ದ ಅವನ ಆಯ್ಕೆ, ಅದೂ ಅದ್ಭುತವಾದ ಆಯ್ಕೆ.