ಗುಂಯ್ ಅನ್ನುತ್ತೆ, ತಿರುಗಲ್ಲ

ಬಡಗಿ ಅಂಗಡಿಯ ಹಳೇ ಗರಗಸದ ಮೋಟಾರು ನಿಂತರೆ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ, ಎದುರಿನ ಟೀ ಅಂಗಡಿಯಿಂದ ತಜ್ಞರು ತಾವಾಗಿಯೇ ಬಂದು ಸೇರುತ್ತಾರೆ. ಒಬ್ಬರು ದೂರದಿಂದಲೇ 'ಕಾಯಿಲ್ ಹೋಗಿದೆ ಬಿಡಿ' ಎಂದು ತೀರ್ಪು ಕೊಡುತ್ತಾರೆ. ಇನ್ನೊಬ್ಬರು ಬಗ್ಗಿ ಮೂಸಿ, ಟೀ ಅಂಗಡಿಯಲ್ಲಿ ಸೀದ ಹಾಲಿನ ವಾಸನೆಯನ್ನು ಮೋಟಾರಿನದೇ ಎಂದು ಖಚಿತಪಡಿಸುತ್ತಾರೆ. ಮೂರನೆಯವರ ಕೈಗೆ ಆಗಲೇ ಸುತ್ತಿಗೆ ಬಂದಿರುತ್ತದೆ. ಇಷ್ಟು ಜನರಲ್ಲಿ 'ಸ್ವಿಚ್ ಹಾಕಿದಾಗ ಏನು ಸದ್ದು ಬಂತು ಆಚಾರ್ರೇ?' ಎಂದು ಕೇಳುವವರು ಒಬ್ಬರೂ ಇರುವುದಿಲ್ಲ. ಕೇಳಿದ್ದರೆ ಅರ್ಧ ರಿಪೇರಿ ಅಲ್ಲೇ ಆಗುತ್ತಿತ್ತು.

ಸಣ್ಣ ಅಂಗಡಿಗಳ ಗರಗಸದ ಮೇಜಿನ ಕೆಳಗೆ ಕೂತಿರುವುದು ಹೆಚ್ಚಾಗಿ 2 ಎಚ್‌ಪಿಯ, ನಿಮಿಷಕ್ಕೆ 1440 ಸುತ್ತಿನ ಸಿಂಗಲ್ ಫೇಸ್ ಮೋಟಾರು. ಅದಕ್ಕೆ ಮಾತು ಕಡಿಮೆ, ಆಡಿದ್ದು ಮಾತ್ರ ಸ್ಪಷ್ಟ. ಉಸಿರೇ ಇಲ್ಲವೆಂದರೆ ಒಳಗೆ ಕರೆಂಟೇ ಹೋಗುತ್ತಿಲ್ಲ: ಪ್ಲಗ್ಗು, ಸ್ವಿಚ್ಚು, ಇಲಿ ಕಡಿದ ವೈರು ನೋಡಬೇಕು. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು) ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ. 'ಗುಂಯ್' ಅನ್ನುತ್ತ ನಿಂತಲ್ಲೇ ನಿಂತಿದ್ದರೆ ಒಳಗಿನ ತಂತಿಸುತ್ತಾದ ರನ್ನಿಂಗ್ ಕಾಯಿಲ್‌ಗೆ ಕರೆಂಟು ಬಂದಿದೆ, ಎಬ್ಬಿಸಿ ಓಡಿಸುವ ಸ್ಟಾರ್ಟಿಂಗ್ ಭಾಗ ಕೈಕೊಟ್ಟಿದೆ. ಇಲ್ಲವೇ ಶಾಫ್ಟನ್ನು ಹೊತ್ತಿರುವ ಗುಂಡುಗಳ ಬಳೆ, ಅಂದರೆ ಬೇರಿಂಗ್, ಹಿಡಿದುಕೊಂಡಿದೆ. ಯಾವುದೆಂದು ತಿಳಿಯಲು ಪ್ಲಗ್ ಕಿತ್ತು, ಬೆಲ್ಟ್ ಕಳಚಿ, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಿದರೆ ಬೇರಿಂಗಿನ ತಪ್ಪಿಲ್ಲ.

ಸ್ವಿಚ್ ಹಾಕಿಟ್ಟು, ಬ್ಲೇಡನ್ನೇ ಕೈಯಲ್ಲಿ ಒಂದು ಸಲ ತಳ್ಳಿ ಓಡಿಸುವ ಬುದ್ಧಿವಂತರೂ ಇದ್ದಾರೆ. ಓಡುತ್ತದೆ, ತೊಂದರೆ ಇರುವುದೇ ಅಲ್ಲಿ. ಯಾವ ಕಡೆ ತಳ್ಳಿದರೆ ಆ ಕಡೆಗೇ ಓಡುತ್ತದೆ, ಬೆರಳು ಅಲ್ಲಿದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಮೋಟಾರು ಏಳಲು ನೆರವಾಗುವ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯ ದುಡ್ಡು ಉಳಿಸಲು ಬೆರಳನ್ನು ಪಣಕ್ಕಿಡುವ ಈ ಲೆಕ್ಕ ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ. ಇನ್ನೊಂದು ವಿಷಯ: ತಿರುಗದೆ ಗುಂಯ್‌ಗುಟ್ಟುವ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತಿರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಸ್ವಿಚ್ ಆರಿಸಬೇಕು. ಗುಂಪಿಗೆ ಹೊಸದಾಗಿ ಬಂದವರಿಗೆಲ್ಲ 'ನೋಡಿ ಹೀಗೆ' ಎಂದು ಒಂದೊಂದು ಸಲ ಕೇಳಿಸುತ್ತಾ ಹೋದರೆ, ಮೊದಲು ಬಂದವರ 'ಕಾಯಿಲ್ ಹೋಗಿದೆ' ಸಂಜೆಯೊಳಗೆ ನಿಜವಾಗುತ್ತದೆ.

ಮೊದಲು ಕೆಪಾಸಿಟರ್ ನೋಡಿ. ಇಂಥ ಮೋಟಾರಿನಲ್ಲಿ ಸಾಮಾನ್ಯವಾಗಿ ಎರಡಿರುತ್ತವೆ. ಕಪ್ಪು ಡಬ್ಬಿಯದು ಸ್ಟಾರ್ಟಿಂಗ್‌ಗೆ. ನೂರು ಚಿಲ್ಲರೆ ಎಂಎಫ್‌ಡಿ (ಮೈಕ್ರೋಫ್ಯಾರಡ್, ಕೆಪಾಸಿಟರಿನ ಅಳತೆ) ಇದ್ದು ಕೆಲವೇ ಸೆಕೆಂಡು ಕೆಲಸ ಮಾಡಲು ಹುಟ್ಟಿದ್ದು. ಇನ್ನೊಂದು ರನ್ನಿಂಗ್‌ಗೆ, ಎಂಎಫ್‌ಡಿ ಕಡಿಮೆ, 440 ವೋಲ್ಟಿನದು, ಮೋಟಾರು ಓಡುವಷ್ಟು ಹೊತ್ತೂ ದುಡಿಯುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಸ್ಟಾರ್ಟಿಂಗ್ ಕೆಪಾಸಿಟರ್ ಸ್ವಲ್ಪ ಹೊತ್ತಿನಲ್ಲೇ 'ಢಂ' ಎಂದು ಬಿಚ್ಚಿಕೊಂಡು ಅಂಗಡಿಯ ತುಂಬ ಕಾಗದದ ಚೂರು ಚೆಲ್ಲುತ್ತದೆ. ಅಂಗಡಿಗೆ ಹೋಗಿ 'ಮೋಟಾರಿಗೆ ಒಂದು ಕೆಪಾಸಿಟರ್ ಕೊಡಿ' ಎಂದಷ್ಟೇ ಹೇಳಿದರೆ ಫ್ಯಾನಿನ 2.5 ಎಂಎಫ್‌ಡಿಯದು ಕೈಗೆ ಬಂದರೂ ಬಂದೀತು. ಹಳೆಯದರ ಮೇಲಿನ ಅಂಕಿ ಓದಿ ಅಷ್ಟೇ ಎಂಎಫ್‌ಡಿಯದು ತನ್ನಿ. ವೋಲ್ಟು ಅಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ. 'ದೊಡ್ಡದು ಹಾಕಿದರೆ ಪವರ್ ಜಾಸ್ತಿ' ಎಂಬ ಸಲಹೆ ಬಂದೇ ಬರುತ್ತದೆ. ಜಾಸ್ತಿಯಾಗುವುದು ಬಿಸಿ. ಬಿಚ್ಚುವ ಮೊದಲು, ಹಳೇ ಕಾಲದ 100 ವ್ಯಾಟಿನ ಬಲ್ಬಿನ ಎರಡು ವೈರನ್ನು ಕೆಪಾಸಿಟರಿನ ಎರಡು ತುದಿಗೆ ಹಿಡಿದು ಉಳಿದ ಚಾರ್ಜು ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ನೋಡಲು ಚೆಂದ, ಆದರೆ ಟರ್ಮಿನಲ್ಲೂ ಸುಡುತ್ತದೆ, ಸ್ಕ್ರೂಡ್ರೈವರಿನ ಮೂತಿಯೂ ಹೋಗುತ್ತದೆ.

ಕೆಪಾಸಿಟರ್ ಸರಿಯಿದ್ದರೆ ಅಪರಾಧಿ ಹಿಂದಿನ ಕವರಿನೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚು. ಶಾಫ್ಟಿನ ಮೇಲೆ ತೂಕದ ತುಂಡು ಮತ್ತು ಸ್ಪ್ರಿಂಗು, ಕವರಿನಲ್ಲಿ ಕರೆಂಟು ಕೂಡಿಸುವ ಎರಡು ಪಾಯಿಂಟು. ಮೋಟಾರು ಮುಕ್ಕಾಲು ವೇಗಕ್ಕೆ, ಅಂದರೆ ಸುಮಾರು 1100 ಸುತ್ತಿಗೆ ಬಂದಾಗ ತೂಕ ಹೊರಕ್ಕೆ ಸರಿದು ಪಾಯಿಂಟು ಬಿಡುತ್ತದೆ, ಸ್ಟಾರ್ಟಿಂಗ್ ಕಾಯಿಲ್‌ಗೆ ವಿಶ್ರಾಂತಿ. ಆರೋಗ್ಯವಾಗಿರುವ ಮೋಟಾರು ಆರಿಸಿದ ಮೇಲೆ ನಿಧಾನವಾಗುತ್ತಾ ಒಮ್ಮೆ 'ಟಕ್' ಎನ್ನುವುದು ಈ ಸ್ವಿಚ್ಚು ಮತ್ತೆ ಕೂಡಿಕೊಳ್ಳುವ ಸದ್ದು. ಟಕ್ ಇಲ್ಲದಿದ್ದರೆ ಅನುಮಾನಪಡಿ. ಪಾಯಿಂಟಿನ ನಡುವೆ ಮರದ ಹೊಟ್ಟು ಕೂತರೆ ಮೋಟಾರು ಏಳುವುದಿಲ್ಲ. ಪಾಯಿಂಟು ಬೆಸೆದುಕೊಂಡರೆ ಏಳುತ್ತದೆ, ಆಮೇಲೆ ಕೆಪಾಸಿಟರ್ ಸಿಡಿಯುತ್ತದೆ. ಹೊಸ ಕೆಪಾಸಿಟರ್ ಹಾಕಿದ ದಿನವೇ ಸಿಡಿದರೆ ಮಾರಿದವರ ಮೇಲೆ ಜಗಳಕ್ಕೆ ಹೋಗುವ ಮೊದಲು ಈ ಪಾಯಿಂಟು ನೋಡಿ. ನಯವಾದ ಉಪ್ಪು ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಎಣ್ಣೆ ಮಾತ್ರ ಬಿಡಬೇಡಿ. ಎಣ್ಣೆಗೆ ಹೊಟ್ಟು ಸೇರಿ ದೋಸೆ ಹಿಟ್ಟಿನ ಹದಕ್ಕೆ ಬಂದು ಕೂರುತ್ತದೆ.

ಇವೆಲ್ಲ ಸರಿಯಿದ್ದೂ ಬೆಳಿಗ್ಗೆ ಏಳುವ ಮೋಟಾರು ಸಂಜೆ ಏಳದಿದ್ದರೆ ವೋಲ್ಟೇಜ್ ಅಳೆಯಿರಿ. ಮೋಟಾರಿನ ಎಳೆತ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 170 ಇದ್ದರೆ ಎಳೆತ ಅರ್ಧಕ್ಕಿಂತ ಚೂರೇ ಹೆಚ್ಚು. ಮದುವೆ ಮನೆ ಸೀರಿಯಲ್ ಲೈಟಿನ ತೆಳು ವೈರನ್ನು ಎಕ್ಸ್‌ಟೆನ್ಷನ್ ಮಾಡಿಕೊಂಡಿರುವ ಗರಗಸಗಳಿಗೆ ಇದೇ ಕಾಯಿಲೆ. 2.5 ಚದರ ಮಿ.ಮೀ. ತಾಮ್ರದ ವೈರು ಎಳೆದು, ಅರ್ತ್ ಸೇರಿಸಿ ಮೂರು ಪಿನ್ನಿನ ಪ್ಲಗ್ ಹಾಕಿ.

ಬೇರಿಂಗಿಗೆ ಬಂದರೆ, ನಂಬರು ಅದರ ಮುಖದ ಮೇಲೇ ಇರುತ್ತದೆ. 6204 ಎಂದರೆ ಒಳವ್ಯಾಸ 20, ಹೊರವ್ಯಾಸ 47 ಮಿ.ಮೀ.; 6205 ಎಂದರೆ 25 ಮತ್ತು 52. ಹೊಟ್ಟು ಹಾರುವ ಜಾಗಕ್ಕೆ ತಗಡಿನ ಮುಚ್ಚಳದ ಝಡ್‌ಝಡ್‌ಗಿಂತ ರಬ್ಬರ್ ಸೀಲಿನ 2ಆರ್‌ಎಸ್ ವಾಸಿ. ತೆಗೆಯಲು ಪುಲ್ಲರ್ ಬಳಸಿ. ಹಾಕುವಾಗ ಒಳಬಳೆಯ ಮೇಲೆ ಮಾತ್ರ ಕೂರುವ ಪೈಪಿನ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಹೊರಬಳೆಗೆ ಹೊಡೆದರೆ ಆ ಏಟು ಗುಂಡುಗಳ ಮೂಲಕ ಹಾದು ಅವು ಓಡುವ ದಾರಿಯಲ್ಲೆಲ್ಲ ತಗ್ಗು ಬೀಳಿಸುತ್ತದೆ, ಹೊಸ ಬೇರಿಂಗು ಮೊದಲ ದಿನದಿಂದಲೇ ಹಾಡತೊಡಗುತ್ತದೆ. ಸುತ್ತಿಗೆ ಹಿಡಿದು ಕಾಯುತ್ತಿದ್ದವರನ್ನು ಈ ಹೊತ್ತಿನಲ್ಲಿ ಟೀ ತರಲು ಕಳಿಸುವುದು ಕ್ಷೇಮ.

ಜೋಡಿಸಿ ಮುಗಿದ ಮೇಲೆ ಒಂದು ಅಲೆಯಲೆಯಾದ ವಾಷರ್ ಮೇಜಿನ ಮೇಲೆ ಉಳಿಯುವುದು ವಾಡಿಕೆ. 'ಕಂಪನಿಯವರು ಎಕ್ಸ್‌ಟ್ರಾ ಹಾಕಿರ್ತಾರೆ' ಎಂದು ಡಬ್ಬಿಗೆ ಹಾಕುತ್ತಾರೆ. ಅದು ಬೇರಿಂಗಿನ ಹಿಂದೆ ಕೂತು ಶಾಫ್ಟು ಹಿಂದೆ ಮುಂದೆ ಆಡದಂತೆ ಒತ್ತಿ ಹಿಡಿಯುವ ವಾಷರ್. ಅದಿಲ್ಲದೆ ಶಾಫ್ಟು ಸರಿದರೆ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟು ಕೂಡುವುದಿಲ್ಲ, ಮತ್ತೆ ಗುಂಯ್.

ನಿಜವಾಗಿಯೂ ಕಾಯಿಲ್ ಸುಟ್ಟಿದ್ದರೆ ವೈಂಡಿಂಗ್ ಅಂಗಡಿಯೇ ಗತಿ. ಹಳೇ ತಂತಿ ಕೀಳುವ ಮೊದಲು ಸುತ್ತಿನ ಸಂಖ್ಯೆ, ತಂತಿಯ ಗೇಜು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಎಂಬುದನ್ನು ಬರೆದುಕೊಳ್ಳುತ್ತಾರೋ ನೋಡಿ. ಹೊಸ ತಂತಿಯ ತುದಿ ಕೆರೆದು ನೋಡಿ. ಬೆಳ್ಳಗೆ ಕಂಡರೆ ತಾಮ್ರವಲ್ಲ, ಅಲ್ಯೂಮಿನಿಯಂ. ವಾರ್ನಿಷ್ ಹಾಕಿ ಚೆನ್ನಾಗಿ ಒಣಗಿಸಬೇಕು. 'ಸಂಜೆಗೇ ಬೇಕು' ಎಂದು ಪೀಡಿಸಿದರೆ ಹಸಿ ವಾರ್ನಿಷಿನ ಮೋಟಾರು ಸಿಗುತ್ತದೆ, ಅಂಗಡಿಯ ಹೊಟ್ಟೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಿಡಿದಾಗ ಬಾಡಿಗೂ ಕಾಯಿಲ್‌ಗೂ ನಡುವೆ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಸುಟ್ಟ ತಾಮ್ರ ಯಾರಿಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಕೇಳಿದರೆ ಅದು ಆವಿಯಾಗಿರುತ್ತದೆ.

ವೈಂಡಿಂಗ್ ಆಗಿ ಬಂದ ಮೋಟಾರು ಉಲ್ಟಾ ತಿರುಗುವುದೂ ಉಂಟು. ಬ್ಲೇಡ್ ಬಿಚ್ಚಿಟ್ಟು ಪರೀಕ್ಷಿಸಿ: ನಿಂತು ಕೊಯ್ಯುವವರ ಕಡೆಯ ಹಲ್ಲು ಮೇಲಿನಿಂದ ಕೆಳಕ್ಕೆ ಬರುವ ದಿಕ್ಕು ಸರಿ. ಉಲ್ಟಾ ಆದರೆ ಹಲಗೆಯನ್ನು ಮೇಜಿನಿಂದ ಎತ್ತಿ ಹಾಕುತ್ತದೆ, ಬ್ಲೇಡಿನ ನಟ್ಟೂ ಸಡಿಲವಾಗಬಹುದು. ಆಗ ಗುಂಪು ಒಕ್ಕೊರಲಿನಿಂದ 'ಪ್ಲಗ್ಗಿನ ವೈರು ತಿರುಗಿಸಿ ಹಾಕಿ' ಎನ್ನುತ್ತದೆ. ಅದು ತ್ರೀ ಫೇಸಿನ ಅಭ್ಯಾಸ. ಸಿಂಗಲ್ ಫೇಸಿನಲ್ಲಿ ಪ್ಲಗ್ ಎಷ್ಟು ಸಲ ತಿರುಗಿಸಿದರೂ ಮೋಟಾರು ತನ್ನ ಹಟ ಬಿಡದು. ಸ್ಟಾರ್ಟಿಂಗ್ ಕಾಯಿಲ್‌ನ ಎರಡು ತುದಿಗಳನ್ನು ಅದಲುಬದಲು ಮಾಡಬೇಕು.

ರಿಪೇರಿ ಬೇಡವೆಂದು ಗುಜರಿಯಿಂದ 2880 ಸುತ್ತಿನ ಮೋಟಾರು ತರುವವರು ಪುಲ್ಲಿಯ ಲೆಕ್ಕ ಮರೆಯಬಾರದು. 1440ರ ಮೋಟಾರಿಗೆ 6 ಇಂಚಿನ ಪುಲ್ಲಿ, ಬ್ಲೇಡಿನ ಕಡೆ 3 ಇಂಚಿನದು ಇದ್ದರೆ ಬ್ಲೇಡು 2880 ಸುತ್ತುತ್ತದೆ. 12 ಇಂಚಿನ ಬ್ಲೇಡಿನ ಹಲ್ಲು ಆಗಲೇ ಗಂಟೆಗೆ 165 ಕಿ.ಮೀ. ವೇಗದಲ್ಲಿರುತ್ತದೆ. ಅದೇ ಪುಲ್ಲಿಯಲ್ಲಿ ಹೊಸ ಮೋಟಾರು ಹಾಕಿದರೆ ಎರಡರಷ್ಟು. ಬ್ಲೇಡಿನ ಮೇಲೆ ಗರಿಷ್ಠ ಸುತ್ತು ಅಚ್ಚು ಹಾಕಿರುವುದು ಅಲಂಕಾರಕ್ಕಲ್ಲ.

ಇಷ್ಟಾದ ಮೇಲೆ ಮೋಟಾರಿನ ಮೇಲೆ ಉಕ್ಕುವ ಮಮತೆಯದೇ ಭಯ. ಹೊಟ್ಟು ಬೀಳದಿರಲಿ ಎಂದು ಗೋಣಿಚೀಲ ಹೊದಿಸುತ್ತಾರೆ; ಹಿಂದಿನ ಫ್ಯಾನಿಗೆ ಗಾಳಿ ಸಿಗದೆ ಹೊಸ ಕಾಯಿಲ್ ಬೇಯುತ್ತದೆ. ಆಯುಧಪೂಜೆಗೆ ಫ್ಯಾನ್ ಕವರಿನ ಜಾಲರಿಗೇ ಸೇವಂತಿಗೆ ಸಿಕ್ಕಿಸುತ್ತಾರೆ, ಮಾರನೇ ದಿನ ದಳಗಳೆಲ್ಲ ಒಳಗೆ. ವಾರಕ್ಕೊಮ್ಮೆ ಬ್ಲೋವರ್ ಹಿಡಿದು ಜಾಲರಿಯನ್ನೂ ಬಾಡಿಯ ಮೇಲಿನ ರೆಕ್ಕೆಗಳ ಸಂದನ್ನೂ ಊದಿ. ಹೂವಿಗೆ ಸ್ವಿಚ್ ಬೋರ್ಡಿನ ತಲೆಯ ಮೇಲೆ ಬೇಕಾದಷ್ಟು ಜಾಗವಿದೆ.