ಬ್ರೇಕು, ಭಾವ ಮತ್ತು ಕೋಳಿಗೂಡು

ಈ ಮಳೆಗಾಲದಲ್ಲಿ ನಮ್ಮ ಕಾರು ಕಿರುಚೋಕೆ ಶುರು ಮಾಡ್ತು. ಮೊದ್ಲು ಬೆಳಿಗ್ಗೆ ಮಾತ್ರ ಇತ್ತು, ಕೊಡಗಿನ ಮಳೇಲಿ ರಾತ್ರಿಯೆಲ್ಲಾ ಹೊರಗೆ ನಿಂತ ಗಾಡಿ ಬ್ರೇಕ್ ಡಿಸ್ಕ್, ಅಂದ್ರೆ ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ, ಬೆಳಗಾಗೋದ್ರಲ್ಲಿ ಕೆಂಪಗೆ ತುಕ್ಕು ಹಿಡಿದಿರುತ್ತೆ, ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಉಜ್ಜಿ ಹೋಗುತ್ತೆ, ಇದೂ ಅದೇ ಇರ್ಬೇಕು ಅಂತ ಸುಮ್ನಿದ್ದೆ. ಆಮೇಲೆ ಸುಂಟಿಕೊಪ್ಪ ಪೇಟೇಲಿ ಬ್ರೇಕ್ ಹಾಕಿದ್ರೆ ಬಸ್‌ಗೆ ಕಾಯ್ತಿದ್ದೋರೆಲ್ಲಾ ತಿರುಗಿ ನೋಡೋ ಹಾಗಾಯ್ತು. "ಒಳ್ಳೇದೇ ಆಯ್ತು ಬಿಡಿ, ನೀವು ತಿರುವಲ್ಲಿರೋವಾಗ್ಲೇ ಕಾಫಿಗಿಡ್ಬಹುದು" ಅಂದ್ಲು ಮನೆಯವಳು. ಸಂಪಾಜೆ ಘಾಟಿ ಇಳಿಯುವಾಗ ಸ್ಟೇರಿಂಗ್ ಗಡಗಡ ನಡುಗಿದ್ಮೇಲೆ ಅವಳ ತಮಾಷೇನೂ ನಿಂತೋಯ್ತು.

ಮೆಕ್ಯಾನಿಕ್ ಹುಡುಗ ಚಕ್ರ ಬಿಚ್ಚಿ ನನ್ನ ಬೆರಳನ್ನೇ ಡಿಸ್ಕ್ ಅಂಚಲ್ಲಿ ಓಡಿಸ್ದ, ಉಗುರು ಸಿಕ್ಕೊಳ್ಳೋ ಅಷ್ಟು ದಿಣ್ಣೆ. "ಡಿಸ್ಕ್ ಅಮುಕಿ ಹಿಡಿಯೋ ಪ್ಯಾಡ್ ಸವೆದ್ರೆ ಕಿರುಚ್ಲಿ ಅಂತಾನೇ ಈ ಸಣ್ಣ ತಗಡು ಇಟ್ಟಿರೋದು ಅಣ್ಣ, ಅದು ಪಾಪ ಎಷ್ಟು ದಿನದಿಂದ ಕೂಗ್ತಿದ್ಯೋ, ನೀವೇನ್ ಮಾಡ್ತಿದ್ರಿ?" ರೇಡಿಯೋ ಸೌಂಡ್ ಜಾಸ್ತಿ ಮಾಡ್ತಿದ್ದೆ ಅಂತ ಹೇಳೋಕಾಗ್ಲಿಲ್ಲ. ಲೇತಲ್ಲಿ ಕೊಟ್ಟು ನೈಸ್ ಮಾಡಿಸಿದ್ರೆ ಸಾಕಲ್ವಾ ಅಂದೆ. ಡಿಸ್ಕ್ ಮೇಲೆ ಕನಿಷ್ಠ 20 ಮಿಮೀ ಅಂತ ಕೆತ್ತಿದ್ರು, ಅಳೆದ್ರೆ 19.6. "ಅಕ್ಕಿ ರೊಟ್ಟಿ ಆಗೋಗಿದೆ, ಇನ್ನೇನ್ ಉಜ್ಜೋದು?"

ಆಮೇಲೆ ಒಂದು ವಾರ ರಾತ್ರಿಯೆಲ್ಲಾ ಮೊಬೈಲ್ ನೋಡಿ ತೂತು ತೂತಿನ ಡಿಸ್ಕ್‌ಗೆ ಮನಸೋತೆ. "ತೋಟದ ಕೆಸರು ತುಂಬ್ಸೋಕಾ? ತೂತಿನ ಹತ್ರಾನೇ ಬಿರುಕು ಬೇರೆ ಬಿಡುತ್ತೆ, ನೀವು ರೇಸ್‌ಗೆ ಹೋಗ್ತೀರಾ, ಡೇರಿಗೆ ಹಾಲು ಹಾಕೋಕ್ ಹೋಗ್ತೀರಾ?" ಅಂದ ಹುಡುಗ. ಸೆರಾಮಿಕ್ ಪ್ಯಾಡ್ ಹಾಕಿದ್ರೆ ಚಕ್ರಕ್ಕೆ ಕಪ್ಪು ಪುಡಿ ಕಮ್ಮಿ ಕೂರುತ್ತಂತೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಚಕ್ರದ ಬಣ್ಣಾನೇ ಕಾಣದ ಊರಲ್ಲಿ ಅದಕ್ಕೆ ಯಾಕೆ ದುಡ್ಡು! ಕೊನೆಗೆ ಸಾದಾ ಡಿಸ್ಕ್ ಎರಡು, ಸಾದಾ ಪ್ಯಾಡ್ ಒಂದು ಸೆಟ್ಟು. ಎಡಗಡೇದು ಮಾತ್ರ ಬದಲಾಯಿಸಿದ್ರೆ ಅಂತ ಕೇಳೋಕ್ ಬಾಯಿ ತೆರೆದೆ, ಹುಡುಗನ ಮುಖ ನೋಡಿ ಮುಚ್ಚಿದೆ.

ಲೇಬರ್ ಉಳಿಸೋಣ ಅನ್ನೋ ಐಡಿಯಾ ಭಾವಂದು. ಭಾನುವಾರ ಇಬ್ರೂ ಸೇರಿ ಅಂಗಳದಲ್ಲೇ ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್ ಬಿಚ್ಚಿ, ದಪ್ಪ ಹೊಸ ಪ್ಯಾಡ್ ಕೂರಿಸೋಕೆ ಅದ್ರೊಳಗೆ ಪ್ಯಾಡ್ ಒತ್ತೋ ಪಿಸ್ಟನ್ ಹಿಂದಕ್ಕೆ ತಳ್ಳಿ, ಎಲ್ಲಾ ಟೈಟ್ ಮಾಡಿ ಕೈ ತೊಳ್ಕೊಂಡ್ವಿ. ಹಾಗೆ ತಳ್ಳಿದ್ಮೇಲೆ ಗಾಡಿ ನಿಂತಲ್ಲೇ ಪೆಡಲ್ ಗಟ್ಟಿಯಾಗೋ ತನಕ ನಾಲ್ಕೈದು ಸಲ ಒತ್ಬೇಕು. ಇದು ಇಬ್ರಿಗೂ ಗೊತ್ತಿತ್ತು, ಇಬ್ರಿಗೂ ಮರೆತೋಗಿತ್ತು. ಗಾಡಿ ಕಾಫಿ ಕಣದ ಕಡೆ ಇಳಿಯೋಕೆ ಶುರುವಾಯ್ತು, ಬ್ರೇಕ್ ಒತ್ತಿದೆ, ಪೆಡಲ್ ಸೀದಾ ಮ್ಯಾಟ್ ಮುಟ್ತು, ನಾನು ಹ್ಯಾಂಡ್‌ಬ್ರೇಕ್ ಹುಡುಕೋದ್ರಲ್ಲಿ ಕೋಳಿಗೂಡು ಸಿಕ್ತು.

ಕೋಳಿಗಳಿಗೆ ಏನೂ ಆಗ್ಲಿಲ್ಲ, ಬಂಪರ್‌ದು ಬೇರೆ ಕಥೆ. ಮಾರನೇ ದಿನ ಹೊಸ ಪ್ಯಾಡ್ ಪಳಗಿಸೋಕೆ ಆನೆಕಾಡು ನೇರ ರಸ್ತೇಲಿ 60ಕ್ಕೆ ಓಡ್ಸೋದು, ಪೂರ್ತಿ ನಿಲ್ಲಿಸ್ದೆ 15ಕ್ಕೆ ಇಳಿಸೋದು, ಮತ್ತೆ 60, ಹೀಗೆ ಹತ್ತು ಸಲ. ಹಿಂದೆ ಬಂದ ಜೀಪಿನವ್ನು ಓವರ್‌ಟೇಕ್ ಮಾಡ್ತಾ "ಬೆಳಿಗ್ಗೇನೇ ಹಾಕಿದ್ದೀರಾ?" ಅಂತ ಕೇಳ್ದ. ಬ್ರೇಕ್ ಪ್ಯಾಡ್ ತಾನೇ ಅನ್ಕೊಂಡು ಹೌದು ಅಂತ ತಲೆ ಆಡಿಸ್ದೆ.

ಈಗ ಗಾಡಿ ಸದ್ದೇ ಮಾಡಲ್ಲ. ಆದ್ರೆ ನಾನು ಕೀ ತಗೊಂಡು ಹೊರಗೆ ಬಂದ್ರೆ ಸಾಕು, ಕೋಳಿಗಳೆಲ್ಲಾ ಸೀಬೆ ಮರ ಹತ್ತಿ ಕೂರ್ತವೆ.